ಮಡಿಸುವ ಚಾಕು, ಮಾಡಿಸುವ ಕೈ

ಇಂಗ್ಲೆಂಡಿನ ಷೆಫೀಲ್ಡ್ ನಗರದ ಸ್ಟ್ಯಾನ್ ಶಾ 2021ರಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ. ಹದಿನಾಲ್ಕನೆಯ ವಯಸ್ಸಿನಲ್ಲಿ ಜಾರ್ಜ್ ಇಬ್ಬರ್‌ಸನ್ ಎಂಬ ಚಾಕು ತಯಾರಕರ ಬಳಿ ಕೆಲಸ ಕಲಿಯಲು ಸೇರಿದ ಈ ಮನುಷ್ಯ ಎಪ್ಪತ್ತಕ್ಕೂ ಹೆಚ್ಚು ವರ್ಷ ಒಂದೇ ಕಸುಬನ್ನು ಮಾಡಿದರು: ಜೇಬಿನಲ್ಲಿ ಇಟ್ಟುಕೊಳ್ಳುವಂಥ ಮಡಿಸುವ ಚಾಕುಗಳನ್ನು ಕೈಯಿಂದ ರೂಪಿಸುವುದು. ಬದುಕಿನ ಕೊನೆಯ ಘಟ್ಟದಲ್ಲಿ ಅವರ ಕೆಲಸದ ಮೇಜು ಆ ನಗರದ ಕೆಲ್ಹ್ಯಾಮ್ ಐಲೆಂಡ್ ವಸ್ತುಸಂಗ್ರಹಾಲಯದೊಳಗೇ ಇತ್ತು. ನೋಡಲು ಬಂದವರಿಗೆ ಅವರು ಪ್ರದರ್ಶನದ ಒಂದು ಭಾಗವಾಗಿ ಕಂಡಿರಬಹುದು. ಅವರ ಪಾಲಿಗೆ ಅದು ಅಂದಂದಿನ ದುಡಿಮೆಯ ಜಾಗ. ರಾಣಿ ಎರಡನೇ ಎಲಿಜಬೆತ್ ಅವರಿಗೂ ಚಾಕು ಮಾಡಿಕೊಟ್ಟಿದ್ದ ಶಾ ಅವರಿಗೆ ಬ್ರಿಟಿಷ್ ಎಂಪೈರ್ ಪದಕದ ಗೌರವವೂ ಸಂದಿತು. ಅವರಿಂದ ಒಂದು ಚಾಕು ಮಾಡಿಸಿಕೊಳ್ಳಬಯಸುವವರು ವರ್ಷಗಟ್ಟಲೆ ಕಾಯಬೇಕಿತ್ತು. ಕಾಯುತ್ತಲೂ ಇದ್ದರು.

ಒಂದು ಚಾಕುವಿಗಾಗಿ ಇಷ್ಟು ಕಾಯುವುದೇ ಎಂಬ ಪ್ರಶ್ನೆ ಸಹಜವೇ. ಹಣ್ಣು ಹೆಚ್ಚಲು, ಪೆನ್ಸಿಲ್ ಹೆರೆಯಲು, ದಾರ ಕತ್ತರಿಸಲು ಬೇಕಾದ ಚಾಕು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ; ಮೊಂಡಾದರೆ ಎಸೆದು ಇನ್ನೊಂದು ತರಬಹುದು. ಆದರೆ ನಮ್ಮ ಭಾಷೆ 'ಕೊಳ್ಳುವುದು' ಮತ್ತು 'ಮಾಡಿಸಿಕೊಳ್ಳುವುದು' ಎಂದು ಎರಡು ಬೇರೆ ಕ್ರಿಯಾಪದಗಳನ್ನು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಕೊಳ್ಳುವಾಗ ವಸ್ತು ನಮಗಿಂತ ಮೊದಲೇ ಸಿದ್ಧವಾಗಿರುತ್ತದೆ. ನಮ್ಮ ಕೆಲಸ ಆರಿಸಿ ದುಡ್ಡು ಕೊಡುವುದಷ್ಟೆ. ಮಾಡಿಸಿಕೊಳ್ಳುವಾಗ ನಮ್ಮ ಅಗತ್ಯ ಮೊದಲು ಹುಟ್ಟುತ್ತದೆ, ಮಾತು ಅದನ್ನು ಹಿಂಬಾಲಿಸುತ್ತದೆ, ವಸ್ತು ಎಲ್ಲಕ್ಕೂ ಕೊನೆಗೆ ಬರುತ್ತದೆ. ಮಾಡುವವನಷ್ಟೇ ಮಾಡಿಸುವವನೂ ಆ ವಸ್ತುವಿಗೆ ಹೊಣೆಗಾರ. ಕೈಕಸುಬುಗಳು ಅಳಿಯುತ್ತಿವೆ ಎಂದು ಮರುಗುವ ನಾವು ಈ ಎರಡನೆಯ ಹೊಣೆಯ ಬಗ್ಗೆ ಯೋಚಿಸುವುದು ಕಡಿಮೆ.

ನೇರ ಚಾಕುವಿನಲ್ಲಿ ಅಲಗು ಮತ್ತು ಹಿಡಿ ಎಂಬ ಎರಡೇ ಭಾಗಗಳಿವೆ. ಮಡಿಸುವ ಚಾಕುವಿಗೆ ಮೂರನೆಯದೊಂದು ಬೇಕು: ಹಿಡಿಯ ಬೆನ್ನಿನ ಉದ್ದಕ್ಕೂ ಕುಳಿತಿರುವ ಉಕ್ಕಿನ ಪಟ್ಟಿ, ಅಂದರೆ ಸ್ಪ್ರಿಂಗು. ಅಲಗಿನ ಬುಡ ಒಂದು ರಿವೆಟ್ಟಿನ ಮೇಲೆ ತಿರುಗುತ್ತದೆ. ತಿರುಗುವಾಗ ಆ ಪಟ್ಟಿಯನ್ನು ಮೇಲಕ್ಕೆ ಎತ್ತುತ್ತದೆ. ಪೂರ್ತಿ ತೆರೆದಾಗಲೂ ಪೂರ್ತಿ ಮುಚ್ಚಿದಾಗಲೂ ಪಟ್ಟಿ ಬುಡದ ಚಪ್ಪಟೆ ಅಂಚಿನ ಮೇಲೆ ಕುಳಿತು ಅಲಗನ್ನು ಅಲ್ಲೇ ಹಿಡಿದಿಡುತ್ತದೆ. ಕೇಳಲು ಸರಳ. ಆದರೆ ಅಲಗಿನ ಬುಡಕ್ಕೆ ಅರ ಹಾಕುವಾಗ ಕೂದಲೆಳೆಯಷ್ಟು ಹೆಚ್ಚು ಸವೆಸಿದರೂ ಅಲಗು ಅಲುಗಾಡುತ್ತದೆ. ಅಷ್ಟೇ ಕಡಿಮೆ ಸವೆಸಿದರೆ ಬೆನ್ನಿನಲ್ಲಿ ಪಟ್ಟಿ ಉಬ್ಬಿ ನಿಲ್ಲುತ್ತದೆ. ಹದ ಕೊಡುವಾಗ ಸ್ಪ್ರಿಂಗು ಗಡುಸಾಗಿ ಉಳಿದರೆ ಒಂದು ದಿನ ಮುರಿಯುತ್ತದೆ. ಮೆತ್ತಗಾದರೆ ಬಾಗಿದ್ದು ಬಾಗಿದಂತೆಯೇ ಉಳಿದು ಬಿಗಿ ಕಳೆದುಕೊಳ್ಳುತ್ತದೆ. ತೆರೆಯುವಾಗ ಉಗುರಿಗೆ ನೋವಾಗಬಾರದು, ಮುಚ್ಚುವಾಗ ಅಲಗಿನ ಬಾಯಿ ಸ್ಪ್ರಿಂಗಿಗೆ ಬಡಿದು ಮೊಂಡಾಗಬಾರದು. ಅನುಭವಿ ಕುಶಲಕರ್ಮಿ ಕಣ್ಣಿನ ಜೊತೆಗೆ ಕಿವಿಯಿಂದಲೂ ಪರೀಕ್ಷೆ ಮಾಡುತ್ತಾನೆ. ಸರಿಯಾಗಿ ಕೂಡಿಬಂದ ಚಾಕು ಮುಚ್ಚುವಾಗ 'ಟಕ್' ಎಂಬ ಒಂದೇ ಖಚಿತ ಸದ್ದು ಮಾಡುತ್ತದೆ.

ಷೆಫೀಲ್ಡ್‌ಗೆ ಈ ವಿದ್ಯೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ಕೂಡ ತನ್ನ ಕಥಾಕಾವ್ಯದಲ್ಲಿ ಆ ಊರಿನ ಚಾಕುವನ್ನು ಹೆಸರಿಸಿದ್ದಾನೆ. ಅಲ್ಲಿನ ಚಾಕು ತಯಾರಕರ ಸಂಘ 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದಲೇ ಸ್ಥಾಪನೆಯಾಯಿತು. ಊರಿನ ಸುತ್ತಲಿನ ಸಣ್ಣ ನದಿಗಳ ನೀರು ಸಾಣೆಕಲ್ಲುಗಳನ್ನು ತಿರುಗಿಸುತ್ತಿತ್ತು. ಕಾಸಿ ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ ಕೂಡಿಸಿ ಚಾಕುವಿಗೆ ಜೀವ ತರುವವನು ಮತ್ತೊಬ್ಬ. ಬಾಡಿಗೆಯ ಕೋಣೆಯಲ್ಲಿ ಸ್ವಂತ ಲೆಕ್ಕದಲ್ಲಿ ದುಡಿಯುತ್ತಿದ್ದ ಇಂಥವರನ್ನು ಆ ಊರಿನ ಆಡುಮಾತು 'ಲಿಟ್ಲ್ ಮೆಸ್ಟರ್' ಎಂದು ಕರೆಯಿತು. ನಮ್ಮ ಮಾತಿನಲ್ಲಿ ಪುಟ್ಟ ಯಜಮಾನರು. ಯಜಮಾನಿಕೆ ಹೆಸರಿಗೆ ಮಾತ್ರ ಎಂಬಂಥ ಬಡತನವೂ ಇತ್ತು. ಮರಳುಗಲ್ಲಿನ ದೂಳು ಎದೆ ಸೇರಿ ಸಾಣೆಯವರು ನಡುವಯಸ್ಸು ಮುಟ್ಟುವ ಮೊದಲೇ ಸಾಯುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ವೈದ್ಯರು ದಾಖಲಿಸಿದ್ದಾರೆ. ಕೈಕಸುಬಿನ ಹಿಂದಿನ ಕಾಲವೆಲ್ಲ ಹೊನ್ನಿನ ಕಾಲ ಎಂದು ಭಾವಿಸುವ ಮುನ್ನ ಇದನ್ನು ನೆನೆಯಬೇಕು. ಆ ಕಾಲದಲ್ಲಿ ಇದ್ದು ಈಗ ಇಲ್ಲದ್ದು ನೆಮ್ಮದಿಯಲ್ಲ, ಬೇಡಿಕೆ.

ಚಾಕು ಮಾಡಿಸಿಕೊಳ್ಳುವುದು ಎಂದರೇನು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ನಮ್ಮ ತೋಟಗಾರರು, ಸಸಿಮಡಿ ನಡೆಸುವವರು ಬಳಸುವ ಕಸಿ ಚಾಕು ಮಡಿಸುವ ಚಾಕುವಿನ ಒಂದು ನಿಜವಾದ ಕೆಲಸಗಾರ ಜಾತಿ. ಮಾವಿನ ಕಸಿಗಾಗಲಿ, ಗುಲಾಬಿಯ ಕಣ್ಣು ಕಸಿಗಾಗಲಿ ಅದು ಒಂದೇ ಎಳೆತಕ್ಕೆ ನುಣುಪಾಗಿ ಕೊಯ್ಯಬೇಕು. ಕೊಯ್ದ ಜಾಗ ತರಚಿದರೆ ಕಸಿ ಹಿಡಿಯುವುದಿಲ್ಲ. ಇಂಥದೊಂದು ಚಾಕುವನ್ನು ಕುಶಲಕರ್ಮಿಯ ಬಳಿ ಹೇಳಿ ಮಾಡಿಸಲು ಹೋದವನನ್ನು ಅವನು ಕೇಳುವ ಮೊದಲ ಪ್ರಶ್ನೆ 'ಎಷ್ಟು ಕೊಡುತ್ತೀರಿ' ಎಂದಾಗಿರುವುದಿಲ್ಲ. 'ಏನನ್ನು ಕೊಯ್ಯುತ್ತೀರಿ' ಎಂದು ಕೇಳುತ್ತಾನೆ. 'ಎಡಗೈಯವರೋ ಬಲಗೈಯವರೋ' ಎಂಬುದು ಎರಡನೆಯದು. ಕಸಿ ಚಾಕುವಿನ ಬಾಯನ್ನು ಸಾಮಾನ್ಯವಾಗಿ ಒಂದೇ ಮಗ್ಗುಲಿನಿಂದ ಸಾಣೆ ಹಿಡಿದಿರುತ್ತಾರೆ. ಬಲಗೈಯವರಿಗಾಗಿ ಮಾಡಿದ್ದು ಎಡಗೈಗೆ ಸಿಕ್ಕರೆ ಕೊಯ್ತ ಓರೆಯಾಗುತ್ತದೆ. ಅಲಗು ತೆರೆಯಲು ಉಗುರು ಸಿಕ್ಕಿಸುವ ಗೀರು ಯಾವ ಬದಿಗಿರಬೇಕು ಎಂಬುದೂ ಇದನ್ನೇ ಅವಲಂಬಿಸಿದೆ. ಅಂಗಡಿಯ ಚಾಕು ಹೆಚ್ಚಾಗಿ ಬಲಗೈಯವರನ್ನೇ ಗಿರಾಕಿ ಎಂದು ಊಹಿಸಿಕೊಂಡಿರುತ್ತದೆ. ಎಡಗೈಯವರಿಗೆ ಅದರ ಕಷ್ಟ ಗೊತ್ತು.

ಆಮೇಲೆ ಲೋಹದ ಮಾತು. ಸಾದಾ ಇಂಗಾಲದ ಉಕ್ಕು ಸಾಣೆಗೆ ಬೇಗ ಬಗ್ಗುತ್ತದೆ, ಸೂಕ್ಷ್ಮವಾದ ಬಾಯಿ ತಳೆಯುತ್ತದೆ. ಆದರೆ ಒರೆಸದೆ ಇಟ್ಟರೆ ತುಕ್ಕು ಹಿಡಿಯುತ್ತದೆ, ಹುಳಿ ತಾಗಿದರೆ ಕಪ್ಪಾಗುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಕೂಡ 1913ರಲ್ಲಿ ಹ್ಯಾರಿ ಬ್ರೇರ್ಲಿಯ ಕೈಯಲ್ಲಿ ರೂಪುಗೊಂಡದ್ದು ಇದೇ ಷೆಫೀಲ್ಡ್‌ನಲ್ಲಿ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ಕುಶಲಕರ್ಮಿಯ ಬಳಿ ಉತ್ತರವಿಲ್ಲ. ಕೆಲಸ ಮುಗಿದ ಮೇಲೆ ಒರೆಸಿ ಎಣ್ಣೆ ಹಚ್ಚುವ ಅಭ್ಯಾಸ ಗಿರಾಕಿಗೆ ಇದೆಯೇ ಇಲ್ಲವೇ ಎಂಬುದರ ಮೇಲೆ ಉತ್ತರ ನಿಂತಿದೆ. ಹೀಗೆ ಚಾಕು ಮಾಡಿಸಲು ಹೋದವನು ತನ್ನ ಕೈಯ ಅಳತೆಯನ್ನೂ ತನ್ನ ಸೋಮಾರಿತನವನ್ನೂ ಒಟ್ಟಿಗೆ ಒಪ್ಪಿಸಬೇಕಾಗುತ್ತದೆ. ತನಗೆ ಏನು ಬೇಕು ಎಂಬುದು ತನಗೇ ಸ್ಪಷ್ಟವಾಗಿಲ್ಲದ ಗಿರಾಕಿಯಿಂದ ಒಳ್ಳೆಯ ವಸ್ತು ಹುಟ್ಟುವುದು ಕಷ್ಟ.

ಹಿಡಿಯ ವಿಷಯಕ್ಕೆ ಬಂದರೆ ಆಸೆಗೆ ಮಿತಿ ಹಾಕಿಕೊಳ್ಳುವುದೂ ಮಾಡಿಸುವವನ ಹೊಣೆಯೇ. ದಂತ, ಜಿಂಕೆಯ ಕೊಂಬು, ಮುತ್ತಿನ ಚಿಪ್ಪು ಷೆಫೀಲ್ಡ್‌ನ ಹಳೆಯ ವೈಭವದ ಸಾಮಗ್ರಿಗಳು. ನಮ್ಮ ಕಾಡಿನ ಕಡವೆಗಳು ಉದುರಿಸಿದ ಕೊಂಬುಗಳು ಒಂದು ಕಾಲದಲ್ಲಿ ಹಡಗೇರಿ ಅಲ್ಲಿಗೆ ಹೋಗುತ್ತಿದ್ದವು. ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ಜಗತ್ತಿನ ದೇಶಗಳು 1989ರಲ್ಲಿ ನಿರ್ಧರಿಸಿದವು. ಕೊಂಬಿನ ರಫ್ತನ್ನು ಭಾರತ 1990ರ ದಶಕದ ಕೊನೆಯಲ್ಲಿ ನಿಲ್ಲಿಸಿತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಕೊಂಬು ಉದುರಿದ್ದೋ ಕೊಂದು ತಂದದ್ದೋ ಎಂಬ ವಾದಕ್ಕೆ ಹೆಚ್ಚು ಬೆಲೆಯಿಲ್ಲ. ಎಮ್ಮೆಯ ಕೊಂಬು, ಮೂಳೆ, ಗಟ್ಟಿಮರ ಇವು ಸಾಲದೆ? ಕೈಗೆ ಒಗ್ಗುವುದು ಹಿಡಿಯ ಆಕಾರ. ಕೊಂದ ಪ್ರಾಣಿಯ ಹೆಸರಿನಿಂದ ಅದಕ್ಕೆ ಯಾವ ಬಲವೂ ಬರುವುದಿಲ್ಲ.

ಚಾಕು ಮಾಡಿಸಿದ ಕತೆಗಳಲ್ಲಿ ಕನ್ನಡಿಗರು ಮರೆಯಬಾರದ ಒಂದು ಪ್ರಸಂಗವಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬೊಂಬಾಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಭಾರತದ ಉಕ್ಕಿನ ಕೆಲವು ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಅದನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಸೊಸೈಟಿಯ ಮುಂದೆ ಪ್ರಬಂಧ ಓದಿದ. ಪರೀಕ್ಷೆಯ ಅಂಗವಾಗಿ ಬ್ಯಾಂಕ್ಸ್ ಲಂಡನ್ನಿನ ಚಾಕು ಹಾಗೂ ಶಸ್ತ್ರಚಿಕಿತ್ಸಾ ಉಪಕರಣಗಳ ತಯಾರಕ ಜೇಮ್ಸ್ ಸ್ಟೊಡಾರ್ಟ್‌ನಿಗೆ ಆ ಲೋಹದಿಂದ ಗರಿಯ ಲೇಖನಿ ಹೆರೆಯುವ ಒಂದು ಪುಟ್ಟ ಚಾಕುವನ್ನು ಮಾಡಿಸಿದ. ಲೋಹ ಸುತ್ತಿಗೆಗೆ ಸುಲಭವಾಗಿ ಬಗ್ಗಲಿಲ್ಲ; ಆದರೆ ಮಾಡಿ ಮುಗಿಸಿದ ಅಲಗಿನ ಬಾಯಿ ಸ್ಟೊಡಾರ್ಟ್‌ನನ್ನು ಎಷ್ಟು ಒಲಿಸಿಕೊಂಡಿತೆಂದರೆ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಈ ಉಕ್ಕೇ ತನಗೆ ಮೆಚ್ಚು ಎಂದು ಅವನು ತನ್ನ ಅಂಗಡಿಯ ಜಾಹೀರಾತಿನಲ್ಲೇ ಸಾರಿದ. ಮುಂದೆ ಅದೇ ಸ್ಟೊಡಾರ್ಟ್, ಕಮ್ಮಾರನ ಮಗನಾದ ವಿಜ್ಞಾನಿ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದ.

ಆ ಉಕ್ಕನ್ನು ಇಂಗ್ಲಿಷರು 'ವೂಟ್ಸ್' ಎಂದು ಕರೆದರು. ಕನ್ನಡ, ತೆಲುಗುಗಳ 'ಉಕ್ಕು' ಎಂಬ ಮಾತೇ ಹೀಗೆ ರೂಪಾಂತರ ಹೊಂದಿತು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿಗಳನ್ನಿಟ್ಟು ಕಾಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದಾಗಿ ನೂರು ವರ್ಷ ಕಳೆಯುವುದರೊಳಗೆ ಆ ಮೂಸೆಗಳು ತಣ್ಣಗಾದವು. ಮಾಡುವವರ ಕೈ ಸೋತಿರಲಿಲ್ಲ. ಇಂಗ್ಲೆಂಡಿನಿಂದ ಅಗ್ಗದ ಉಕ್ಕು ಬಂತು. ಅದರಲ್ಲಿ ಷೆಫೀಲ್ಡ್‌ನ ಪಾಲೂ ಇತ್ತು. ಇದ್ದಿಲಿಗೆ ಬೇಕಾದ ಕಾಡಿಗೆ ಸರ್ಕಾರದ ಬೇಲಿ ಬಿತ್ತು. ಸಂಸ್ಥಾನಗಳ ಸೈನ್ಯಗಳು ಕರಗಿ, 1878ರ ಶಸ್ತ್ರಾಸ್ತ್ರ ಕಾಯ್ದೆಯೂ ಬಂದಮೇಲೆ ಕತ್ತಿ ಮಾಡಿಸುವವರೇ ಉಳಿಯಲಿಲ್ಲ. ಮುಂದೆ ಯಂತ್ರಗಳು ಅಚ್ಚೊತ್ತಿದ ಇನ್ನೂ ಅಗ್ಗದ ಚಾಕುಗಳು ಹೊರದೇಶಗಳಿಂದ ಬಂದು ಷೆಫೀಲ್ಡ್‌ನ ಪುಟ್ಟ ಯಜಮಾನರ ಕೋಣೆಗಳೂ ಒಂದೊಂದಾಗಿ ಮುಚ್ಚಿದವು. ಎರಡು ಊರುಗಳ ಕತೆಯೂ ಕೊನೆಗೆ ಒಂದೇ: ಮಾಡಿಸುವವರು ಹಿಂದೆ ಸರಿದರು, ಮಾಡುವವರು ಕಸುಬು ಬಿಟ್ಟರು.

ಬೇಡಿಕೆ ಕುಗ್ಗಿದಾಗ ಸಮಾಜ ಸಾಮಾನ್ಯವಾಗಿ ಸ್ಮಾರಕದ ಮೊರೆ ಹೋಗುತ್ತದೆ. ಉತ್ತರ ಪ್ರದೇಶದ ರಾಂಪುರ ಇದಕ್ಕೆ ನಮ್ಮ ದೇಶದ್ದೇ ನಿದರ್ಶನ. ನವಾಬರ ಕಾಲದಲ್ಲಿ ಬೆಳೆದ ಅಲ್ಲಿನ ಮಡಿಸುವ ಚಾಕು ಹಿಂದಿ ಸಿನಿಮಾಗಳ ಖಳರ ಕೈಸೇರಿ ದೇಶಕ್ಕೆಲ್ಲ ಪರಿಚಿತವಾಯಿತು. ಗುಂಡಿ ಒತ್ತಿದರೆ ತೆರೆಯುವ ಆ ಅಲಗು ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ 'ಬಟನ್ ಚಾಕು' ಎಂದೇ ಹೆಸರಾಯಿತು. 1990ರ ದಶಕದಲ್ಲಿ ಆ ರಾಜ್ಯ ಉದ್ದನೆಯ ಅಲಗುಗಳ ಮೇಲೆ ನಿರ್ಬಂಧ ಹೇರಿತು, ಅಗ್ಗದ ಚಾಕುಗಳು ಮಾರುಕಟ್ಟೆ ತುಂಬಿದವು, ಕುಶಲಕರ್ಮಿಗಳು ಬೇರೆ ಕೂಲಿಗೆ ಹೊರಳಿದರು. 2023ರಲ್ಲಿ ಅದೇ ರಾಂಪುರದ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವಿನ ಪ್ರತಿಮೆ ಎದ್ದು ನಿಂತಿತು. ಅದಕ್ಕೆ ತಗುಲಿದ ವೆಚ್ಚ 50 ಲಕ್ಷ ರೂಪಾಯಿಗೂ ಹೆಚ್ಚು. ಷೆಫೀಲ್ಡ್ ಕೂಡ 1851ರ ಮಹಾ ವಸ್ತುಪ್ರದರ್ಶನಕ್ಕೆ 75 ಅಲಗುಗಳ 'ನಾರ್ಫೋಕ್ ಚಾಕು' ಮಾಡಿ ಕಳಿಸಿತ್ತು. ಅದನ್ನು ಯಾರೂ ಜೇಬಿನಲ್ಲಿ ಇಟ್ಟುಕೊಳ್ಳಲಾರರು. ಆದರೆ ಆಗ ಆ ಪ್ರದರ್ಶನದ ಚಾಕುವಿನ ಹಿಂದೆ ಸಾವಿರಾರು ಸಾಮಾನ್ಯ ಚಾಕುಗಳ ಬೇಡಿಕೆ ಇತ್ತು. ರಾಂಪುರದ ಪ್ರತಿಮೆಯ ಹಿಂದೆ ಏನಿದೆ ಎಂಬುದು ಪ್ರಶ್ನೆ.

ಚಾಕು ಎಂದರೆ ಇರಿತ ಎಂಬ ಭಯ ನಿರಾಧಾರವೇನೂ ಅಲ್ಲ. ಕಾನೂನು ಎಚ್ಚರ ವಹಿಸಬೇಕು. ಇಂಗ್ಲೆಂಡಿನಲ್ಲಿ ಬೀಗದಂತೆ ಬಿಗಿದು ನಿಲ್ಲದ, 3 ಇಂಚು ಮೀರದ ಮಡಿಸುವ ಚಾಕುವನ್ನು ಕಾರಣ ಹೇಳದೆ ಜೇಬಿನಲ್ಲಿ ಒಯ್ಯಬಹುದು. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧವೆಂದು ಪರಿಗಣಿಸಿ, ಗೃಹಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಹೊರಗಿಟ್ಟಿವೆ. ದೆಹಲಿಯಂಥ ಕಡೆ ಬಟನ್ ಚಾಕುಗಳಿಗೆ ಇನ್ನೂ ಬಿಗಿಯಾದ ಮಿತಿಗಳಿವೆ. ಈ ಗೆರೆಗಳು ಒಂದು ವಿಷಯವನ್ನು ಒಪ್ಪಿಕೊಂಡಿವೆ: ಚಾಕುವಿನ ಸ್ವಭಾವ ಅದನ್ನು ಯಾವ ಕೆಲಸಕ್ಕೆಂದು ಮಾಡಿಸಲಾಯಿತು ಎಂಬುದರಲ್ಲಿದೆ. ರಾಂಪುರದ ಕೈಗಳಿಗೆ ಯಾರೂ ಕಸಿ ಚಾಕುವಿನ, ಅಡುಗೆಮನೆಯ ಚಾಕುವಿನ ಕೆಲಸವನ್ನು ಸಾಕಷ್ಟು ಹೇಳಲಿಲ್ಲ. ಖಳನ ಕೈಯ ಚಾಕು ಎಂಬ ಹೆಸರೊಂದೇ ಗಟ್ಟಿಯಾಯಿತು. ನಿರ್ಬಂಧ ಬಂದಾಗ ಆ ಹೆಸರೇ ಕಸುಬಿಗೆ ಮುಳುವಾಯಿತು.

ಕೈಯಿಂದ ಮಾಡಿಸಿದ ವಸ್ತು ಉಳ್ಳವರ ಶೋಕಿ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ದುಬಾರಿ ಎಂಬುದು ನಿಜ. ದಿನಗಟ್ಟಲೆಯ ದುಡಿಮೆಗೆ ಕೂಲಿ ಕಟ್ಟಿದರೆ ಬೆಲೆ ಬೇರೆ ಹೇಗಿದ್ದೀತು? ಆದರೆ ಮಾಡಿಸಿಕೊಳ್ಳುವ ಅಭ್ಯಾಸ ಮಧ್ಯಮವರ್ಗಕ್ಕೆ ಅಪರಿಚಿತವಲ್ಲ. ಮಗಳ ಮದುವೆಗೆ ಬಳೆ ಮಾಡಿಸುವಾಗ ಅಕ್ಕಸಾಲಿಗನ ಮುಂದೆ ಗಂಟೆಗಟ್ಟಲೆ ಕೂರುತ್ತೇವೆ, ಮುಂಗಡ ಕೊಡುತ್ತೇವೆ, ಅವನು ಹೇಳಿದ ದಿನಕ್ಕೆ ಆಗದಿದ್ದರೆ ಇನ್ನೊಂದು ವಾರ ಕಾಯುತ್ತೇವೆ, ಮಜೂರಿಯನ್ನು ಬೇರೆಯಾಗಿ ಲೆಕ್ಕ ಹಾಕಿ ಕೊಡುತ್ತೇವೆ. ಅದೇ ನಾವು ಕಮ್ಮಾರನ ಬಳಿ ಹೋದರೆ ಕಬ್ಬಿಣದ ತೂಕಕ್ಕಷ್ಟೇ ಬೆಲೆ ಕಟ್ಟಿ, ಅದರಲ್ಲೂ ಚೌಕಾಸಿ ಮಾಡುತ್ತೇವೆ. ಚಿನ್ನಕ್ಕೆ ಸಲ್ಲುವ ಮಜೂರಿ ಕಬ್ಬಿಣಕ್ಕೆ ಯಾಕೆ ಸಲ್ಲಬಾರದು? ಬೆಂಕಿಯ ಬಣ್ಣ ನೋಡಿಯೇ ಹದ ಅರಿಯುವ ವಿದ್ಯೆ ಅಕ್ಕಸಾಲಿಗನ ವಿದ್ಯೆಗಿಂತ ಸಣ್ಣದೇನಲ್ಲ.

ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಕಮ್ಮಾರನೂ ಆಯಗಾರರಲ್ಲಿ ಒಬ್ಬ. ಕುಳ ಹಣಿದು, ಕುಡುಗೋಲಿಗೆ ಹಲ್ಲು ಹಾಕಿ, ಕತ್ತಿಗೆ ಹದ ಕೊಟ್ಟು ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಆಯ ಪಡೆಯುತ್ತಿದ್ದ. ಅದು ಇಡೀ ಊರು ಒಬ್ಬ ಕುಶಲಕರ್ಮಿಗೆ ಕೊಟ್ಟಿದ್ದ ಶಾಶ್ವತ ಬೇಡಿಕೆ. ಜಾತಿಯ ಕಟ್ಟುಪಾಡಿನೊಳಗೇ ಇದ್ದ ಆ ಏರ್ಪಾಡು ಮರಳಿ ಬರಬೇಕೆಂದು ಯಾರೂ ಬಯಸಬೇಕಾಗಿಲ್ಲ. ಹುಟ್ಟಿನಿಂದಲೇ ಒಬ್ಬನ ಕಸುಬು ಗೊತ್ತಾಗಿಬಿಡುವುದರಲ್ಲಿ ನ್ಯಾಯವಿರಲಿಲ್ಲ. ಆದರೆ ಅದರೊಳಗಿದ್ದ ಒಂದು ತಿಳಿವಳಿಕೆಯನ್ನು ಉಳಿಸಿಕೊಳ್ಳಬಹುದು. ಮೊಂಡಾದ ಆಯುಧ ಮಾಡಿದವನ ಬಳಿಗೇ ಮರಳುತ್ತಿತ್ತು. ತನ್ನ ಕೆಲಸ ಎಲ್ಲಿ ಗಟ್ಟಿ, ಎಲ್ಲಿ ದುರ್ಬಲ ಎಂದು ಅವನಿಗೆ ಆಗ ತಿಳಿಯುತ್ತಿತ್ತು. ಕೊಂಡು ಎಸೆಯುವ ವಸ್ತು ಎಂದೂ ಮಾಡಿದವನಿಗೆ ಪಾಠ ಹೇಳುವುದಿಲ್ಲ.

ಶಾ ಅವರಂಥವರಿಗೆ ಪದಕ ಕೊಡುವುದು ಸರ್ಕಾರದ ಕೆಲಸ, ಅವರ ಮೇಜನ್ನು ಕಾಪಾಡುವುದು ವಸ್ತುಸಂಗ್ರಹಾಲಯದ ಕೆಲಸ. ಎರಡೂ ಒಳ್ಳೆಯವೇ. ಆದರೆ ಆ ವಯಸ್ಸಿನಲ್ಲೂ ಅವರನ್ನು ಬೆಳಗ್ಗೆ ಮೇಜಿನ ಮುಂದೆ ಕೂರಿಸುತ್ತಿದ್ದುದು ತಮ್ಮ ಸರದಿಗಾಗಿ ಕಾಯುತ್ತಿದ್ದ ಗಿರಾಕಿಗಳ ಪಟ್ಟಿ. ನಮ್ಮ ಊರುಗಳ ಅಂಚಿನಲ್ಲಿ, ಸಂತೆಗಳ ಬದಿಯಲ್ಲಿ ಇನ್ನೂ ಉರಿಯುತ್ತಿರುವ ಕುಲುಮೆಗಳಿಗೆ ಅಂಥ ಪಟ್ಟಿ ಇಲ್ಲ. ಮುಂದಿನ ಸಲ ಮನೆಗೊಂದು ಚಾಕುವೋ ತೋಟಕ್ಕೊಂದು ಕಸಿ ಚಾಕುವೋ ಬೇಕಾದಾಗ ನಮ್ಮಲ್ಲಿ ಕೆಲವರಾದರೂ ಅಲ್ಲಿಗೆ ಹೋಗಿ, ಯಾವ ಕೈಯವರು, ಏನನ್ನು ಕೊಯ್ಯುತ್ತೇವೆ ಎಂದು ಹೇಳಿ, ಮಜೂರಿ ಮಾತಾಡಿ, ಮುಂಗಡ ಕೊಟ್ಟು ಬರಬಹುದು. ಮೊದಲ ಚಾಕು ನಾವು ಅಂದುಕೊಂಡಷ್ಟು ಚೆನ್ನಾಗಿ ಬರದೇ ಹೋಗಬಹುದು. ಆಗ ಅದನ್ನು ಹಿಂದಕ್ಕೆ ಒಯ್ದು, ಎಲ್ಲಿ ಸರಿಯಿಲ್ಲ ಎಂದು ತೋರಿಸಿ, ಮತ್ತೆ ಮಾಡಿಸಬೇಕು. ಎರಡನೆಯದಕ್ಕೂ ಮಜೂರಿ ಕೊಡಬೇಕು.